ಕಾವಿ ನೆಲ ಹಾಕಿದ ಬೇಸಿಗೆ

ನಮ್ಮ ಮನೆಯ ನೆಲವನ್ನು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊಗಳದೆ ಹೋಗುವವರೇ ಇಲ್ಲ, ಅದೇ ಕಷ್ಟ. ಬಾಗಿಲು ದಾಟಿ ಒಳಗೆ ಕಾಲಿಟ್ಟ ಕೂಡಲೇ "ಅಬ್ಬಾ, ಎಂಥ ನೆಲ! ಮುಖ ಕಾಣ್ತದಲ್ಲ!" ಅನ್ನುತ್ತಾರೆ. ಸಿಮೆಂಟಿಗೆ ಕೆಂಪು ಆಕ್ಸೈಡ್ ಬೆರೆಸಿ, ಒಂದೇ ಸಮ ತಿಕ್ಕಿ ಮಾಡಿದ ಕಾವಿ ನೆಲ. ಒಂದು ಬಿರುಕಿಲ್ಲ, ನಡುವೆ ಒಂದು ಗೆರೆಯಿಲ್ಲ. ಮೇಸ್ತ್ರಿ ಹಾಕಿದ್ದಲ್ಲ, ನಾನು ಮತ್ತು ನಮ್ಮವರು ಇಬ್ಬರೇ ಮೊಣಕಾಲೂರಿ ಹಾಕಿದ್ದು ಎಂದು ತಿಳಿದರಂತೂ ಮುಗಿಯಿತು, ಮತ್ತೆ ಅರ್ಧ ಗಂಟೆ ಹೊಗಳಿಕೆ. ನಾನು ಕಾಫಿ ತರುವ ನೆಪ ಮಾಡಿ ಒಳಗೆ ಹೋಗಿಬಿಡುತ್ತೇನೆ.

ಹೋದ ವಾರ ಹೊಗಳಿದವರು ಲೀಲಕ್ಕ. ನಮ್ಮವರ ಅಣ್ಣನ ಹೆಂಡತಿ. ಮೂರು ವರ್ಷದ ಮೇಲೆ ನಮ್ಮ ಹೊಸಿಲು ತುಳಿದಿದ್ದರು, ಮಗಳು ಪವಿತ್ರಳ ಮದುವೆಗೆ ಕರೆಯಲು. ಕರೆಯದೆ ಇರುವ ಹಾಗಿಲ್ಲ, ಹುಡುಗಿಗೆ ಉಳಿದಿರುವ ಒಬ್ಬನೇ ಚಿಕ್ಕಪ್ಪ. ಮರದ ಕುರ್ಚಿಯ ಅಂಚಿನಲ್ಲಿ ಕೂತು, ಕಾಗದ ಕೊಟ್ಟು, ಇನ್ನೇನು ಮಾತಾಡುವುದು ಎಂದು ತೋಚದೆ ಕೆಳಗೆ ನೋಡಿದರು.

"ನೆಲ ಒಳ್ಳೆದಾಗಿದೆ," ಅಂದರು.

ಕಾಫಿ ತಟ್ಟೆ ಹಿಡಿದು ಬರುತ್ತಿದ್ದವಳು ಅಲ್ಲೇ ನಿಂತೆ. ಆ ಬೇಸಿಗೆಯೆಲ್ಲ ಒಂದೇ ಏಟಿಗೆ ಮುಖಕ್ಕೆ ಬಡಿಯಿತು.

ನಾನು ಕೊಡ್ಲಿಪೇಟೆಯವಳು. ನಮ್ಮ ಕಡೆ ಮಾತು, ಊಟ, ಮದುವೆ, ಸಾವು ಎಲ್ಲ ಹಾಸನದವರ ಹಾಗೆ. ಮದುವೆಯಾಗಿ ಬಂದದ್ದು ಚೇರಂಬಾಣೆಯಿಂದ ಒಳಗಿರುವ ಈ ಊರಿಗೆ, ಅರೆಭಾಷೆಯ ಮನೆಗೆ. ಇವರ ಮಾತು ಎರಡು ವರ್ಷದಲ್ಲಿ ಕಲಿತೆ. ಕೋವಿಯ ಭಾಷೆ ಮಾತ್ರ ನನಗೆ ಕೊನೆಗೂ ಬರಲಿಲ್ಲ. ಇಲ್ಲಿ ಮನೆಮನೆಯಲ್ಲಿ ಕೋವಿ. ಗಂಡು ಮಗು ಹುಟ್ಟಿದರೆ ಗಾಳಿಗೆ ಒಂದು ಗುಂಡು. ಸಾವಾದರೆ ಒಂದರ ಹಿಂದೆ ಒಂದು, ಎರಡು ಗುಂಡು. ಎರಡು ಕೇಳಿಸಿತೆಂದರೆ ಊರಿನವರು ಹಿಡಿದ ಕೆಲಸ ಹಾಗೇ ಬಿಟ್ಟು ಸದ್ದು ಬಂದ ಕಡೆ ಹೊರಡಬೇಕು. ಜಗಳ ಇರಲಿ, ಕೋರ್ಟಿನಲ್ಲಿ ಕೇಸಿರಲಿ, ಹೊರಡಬೇಕು. ಮೊಬೈಲು ಬಂದ ಮೇಲೂ ಅದು ತಪ್ಪಿಲ್ಲ.

ನಮ್ಮವರು ಕುಶಾಲಪ್ಪ ಅರಣ್ಯ ಇಲಾಖೆಯಲ್ಲಿದ್ದರು. ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿದ್ದಾಗ ಅತ್ತೆ ತೀರಿಕೊಂಡರು. ಆ ಕಾಡಿನಲ್ಲಿ ಫೋನು ಸಿಗುತ್ತಿರಲಿಲ್ಲ. ಬಸ್ಸಿನವರ ಕೈಯಲ್ಲಿ ಸುದ್ದಿ ಮುಟ್ಟಿ ಇವರು ಬಂದು ಸೇರುವಾಗ ಮರುದಿನ ಸಂಜೆ, ಎಲ್ಲ ಮುಗಿದಿತ್ತು. "ಒಂದು ದಿನ ಕಾಯೋದಕ್ಕೆ ಆಗ್ಲಿಲ್ವಾ ಅಣ್ಣ?" ಎಂದು ಇವರು ಕೇಳಿದರು. "ಗುಂಡು ಕೇಳದಷ್ಟು ದೂರ ಹೋದವ ನನ್ನ ತಮ್ಮ ಅಲ್ಲ," ಎಂದು ಭಾವ ಅಂದರು. ಅಷ್ಟೇ. ಎಂಟು ವರ್ಷ ಮಾತಿಲ್ಲ. ಮದುವೆ ಮನೆಯಲ್ಲಿ ಎದುರು ಸಿಕ್ಕರೆ ಒಬ್ಬರು ಮಾಡಿನ ಹೆಂಚು ನೋಡುವುದು, ಇನ್ನೊಬ್ಬರು ಚಪ್ಪಲಿ ನೋಡುವುದು. ಇಬ್ಬರಿಗೂ ಒಂದೇ ಮೂಗು, ಒಂದೇ ಹಟ.

ಇವರು ಸ್ವಂತ ಇಷ್ಟದಿಂದ ಬೇಗ ನಿವೃತ್ತಿ ತೆಗೆದುಕೊಂಡ ವರ್ಷ ಮನೆ ಹುಡುಕಲು ಹೊರಟೆವು. ಮಡಿಕೇರಿಯಲ್ಲಿ ಚೊಕ್ಕಟವಾದ ಮನೆಗಳಿದ್ದವು, ನಲ್ಲಿಯಲ್ಲಿ ನೀರು ಬರುವಂಥವು. ಇವರು ಹಿಡಿದದ್ದು ಈ ಹಳೆಯ ಹೆಂಚಿನ ಮನೆ. ಗೋಡೆಯ ಮಣ್ಣು ಉದುರುತ್ತಿತ್ತು, ಅಟ್ಟದಲ್ಲಿ ಇಲಿ, ಹಿತ್ತಲಿನ ಬಿದಿರು ಮೆಳೆ ಮಾಡಿನ ಮೇಲೆ ಬಿದ್ದು ಹೆಂಚು ಸರಿಸಿತ್ತು. ನೋಡಲು ಬಂದದ್ದು ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ದಿನ. ಹಬ್ಬಕ್ಕೆ ಎಲ್ಲೆಲ್ಲೂ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಿದ್ದರು. ಇವರು ಅಂಗಳದಲ್ಲಿ ನಿಂತು, ಗದ್ದೆಯ ಆಚೆ ಬದಿಯಿಂದ ಬರುವ ಸದ್ದು ಕೇಳಿಸಿಕೊಂಡು, "ಇದೇ ಇರ್ಲಿ," ಅಂದುಬಿಟ್ಟರು. ಹಬ್ಬದ ಗ್ಲಾಸು ತಲೆಗೇರಿದೆ ಎಂದುಕೊಂಡೆ. "ಏನ್ ಕಂಡ್ರಿ ಈ ಹಾಳು ಕೊಂಪೇಲಿ?" ಎಂದು ದಾರಿಯುದ್ದಕ್ಕೂ ಬೈದೆ. ಗದ್ದೆಯ ಆಚೆ ಬದಿಯಲ್ಲಿರುವುದು ಭಾವನ ಮನೆ ಎಂಬುದು ನನ್ನ ದಡ್ಡ ತಲೆಗೆ ಹೊಳೆದದ್ದು ಬಹಳ ತಡವಾಗಿ. ಇವರು ಕೊಂಡದ್ದು ಮನೆಯನ್ನಲ್ಲ, ಆ ಸದ್ದು ಕೇಳುವಷ್ಟು ಹತ್ತಿರವನ್ನು.

ಕೆಲಸಕ್ಕೆ ಯಾರನ್ನೂ ಕರೆಯುವುದಿಲ್ಲ ಎಂದು ಹಟ ಹಿಡಿದರು. ಮಾರ್ಚಿನಲ್ಲಿ ಹೂಮಳೆ ಬಿದ್ದು ಕಾಫಿ ತೋಟವೆಲ್ಲ ಹೂವಿನಿಂದ ಬೆಳ್ಳಗಾಗಿ ಘಮಘಮ ಅನ್ನುತ್ತಿತ್ತು. ನಾವಿಬ್ಬರು ಮಾತ್ರ ಇಲಿ ಹಿಕ್ಕೆಯ ವಾಸನೆಯಲ್ಲಿ. ಹೆಂಚು ಇಳಿಸಿ ತೊಳೆದೆವು. ಗೆದ್ದಲು ತಿಂದ ರೀಪು ಬದಲಾಯಿಸಿದೆವು. ಅಟ್ಟ ಕಿತ್ತಾಗ ಒಂದು ಕೇರೆ ಹಾವು ನನ್ನ ಹೆಗಲ ಮೇಲೆಯೇ ಬಿತ್ತು. ನಾನು ಕಿರುಚಿದ್ದಕ್ಕೆ ಇವರು ಏಣಿಯಿಂದ ಬಿದ್ದರು. ಸೊಂಟಕ್ಕೆ ಎಣ್ಣೆ ತಿಕ್ಕುತ್ತಾ ಬೈದೆ, ಬೈಸಿಕೊಳ್ಳುತ್ತಾ ಅವರು ನಕ್ಕರು. ಮದುವೆಯಾದ ಹೊಸತರಲ್ಲೂ ನಾವು ಅಷ್ಟು ನಕ್ಕಿರಲಿಲ್ಲ. ಅದನ್ನೂ ಹೇಳಬೇಕು, ಆ ಎರಡು ತಿಂಗಳು ನಾನು ಬಹಳ ಸುಖವಾಗಿದ್ದೆ.

ಮೆಳೆ ಕಡಿದ ದಿನದ ಕಥೆ ಊರಿಗೆಲ್ಲ ಗೊತ್ತು. ಹಸಿ ಬಿದಿರು ರಾಶಿ ಹಾಕಿ ಹಿತ್ತಲಲ್ಲಿ ಬೆಂಕಿ ಕೊಟ್ಟೆವು. ನಾನು ಗೋಡೆಗೆ ಸುಣ್ಣ ಬಳಿಯುತ್ತಿದ್ದವಳು, ತಲೆಯಿಂದ ಕಾಲಿನವರೆಗೆ ಬೆಳ್ಳಗಿದ್ದೆ. ಢಂ! ಅಂತ ಒಂದು ಸದ್ದು. ಅದರ ಹಿಂದೆಯೇ ಇನ್ನೊಂದು, ಢಂ! ಬಿಸಿಗೆ ಬಿದಿರಿನ ಗಂಟು ಸಿಡಿದಿತ್ತು. ಬೆಂಕಿ ಮಾಡಿಗೆ ಹಾರುತ್ತದೆ ಎಂದು ಹೆದರಿ, ಕೈಗೆ ಸಿಕ್ಕ ಎರಡು ಬಕೆಟ್ ನೀರು ತಂದು ಸುರಿದುಬಿಟ್ಟೆ.

ಇವರು ತಲೆಯ ಮೇಲೆ ಕೈಯಿಟ್ಟುಕೊಂಡು ಓಡಿ ಬಂದರು. "ಅಯ್ಯೋ, ನೀರು ಯಾಕೆ ಹಾಕ್ದೆ? ಇನ್ನೊಂದು ಸಿಡಿಬೇಕಿತ್ತು!"

"ಯಾಕೆ, ಎರಡು ಸಾಲದಾ?"

"ಎರಡೇ ಆತಲ್ಲ ಮಾರಾಯ್ತಿ! ಮೂರಾದ್ರೆ ಬಿದಿರು, ಎರಡಾದ್ರೆ ಸಾವು!"

ಒದ್ದೆಯಾದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದಿದ್ದೇ ಊದಿದ್ದು. ಹೊಗೆ ಬಂತೇ ಹೊರತು ಮೂರನೆಯದು ಸಿಡಿಯಲಿಲ್ಲ. ನಾನು ಹೊಗೆಗೆ ಕಣ್ಣೀರು ಸುರಿಸುತ್ತಾ ಮುಂದಿನ ಅಂಗಳಕ್ಕೆ ಬಂದೆ. ಅಷ್ಟರಲ್ಲಿ ಗದ್ದೆಯ ಬದುವಿನ ಮೇಲೆ ಒಬ್ಬರು ಓಡಿ ಬರುತ್ತಿದ್ದರು. ಕಾಲಿಗೆ ಚಪ್ಪಲಿಯಿಲ್ಲ, ಎತ್ತಿ ಕಟ್ಟಿದ ಲುಂಗಿ, ಸೊಂಟದಲ್ಲಿ ಕರಿಮೆಣಸು ಕೊಯ್ಯುವ ಚೀಲ ಹಾಗೇ ಇದೆ. "ಕುಶಾಲಾ, ಕುಶಾಲಾ" ಎಂದು ಕೂಗಿಕೊಂಡೇ ಬರುತ್ತಿದ್ದರು. ಭಾವ. ಎಂಟು ವರ್ಷ ಬಾಯಿಗೆ ಬಾರದ ಹೆಸರು.

ಬೆಳ್ಳಗೆ ಬಳಿದುಕೊಂಡು ಅಳುತ್ತಾ ನಿಂತ ನನ್ನನ್ನು ಕಂಡು ಅವರು ಎಲ್ಲ ಆಗಿಹೋಯಿತು ಎಂದುಕೊಂಡರು. "ಎಲ್ಲಿ? ಎಲ್ಲಿ ಅಂವ?" ಎಂದು ಅಂಗಳದಲ್ಲೇ ಕೂತುಬಿಟ್ಟರು. ನಾನು ಹಿತ್ತಲ ಕಡೆ ಕೈ ತೋರಿಸಿದೆ. ಆಗ ಮನೆಯ ಹಿಂದಿನಿಂದ ಮಸಿ ಮುಖದ ನಮ್ಮವರು ಬಂದರು. ಭಾವ ಒಂದು ಕ್ಷಣ ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, ಎದ್ದು, ಕೆನ್ನೆಗೆ ಫಟಾರ್ ಅಂತ ಬಿಟ್ಟರು. ಆಮೇಲೆ ಅದೇ ಕೆನ್ನೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅತ್ತರು.

"ಬಿದಿರು ಅಣ್ಣ... ಬಿದಿರು ಸಿಡಿದದ್ದು."

"ನಿನ್ನ ಗ್ರಾಚಾರ! ಗಂಟು ಒಡೆದು ಹಾಕ್ಬೇಕು ಅಂತ ಗೊತ್ತಿಲ್ಲೆನಾ ನಿಂಗೆ? ಕಾಡು ಕಾದವ ನೀನು!"

ಹತ್ತು ನಿಮಿಷದಲ್ಲಿ ಊರು ಬಂತು. ಹೆಂಗಸರು ತಲೆಗೆ ಬಟ್ಟೆ ಹಾಕಿಕೊಂಡು, ಗಂಡಸರು ಕತ್ತಿ ಏಣಿ ಬಿಟ್ಟು. ಪಕ್ಕದ ತೋಟದ ಮುತ್ತಣ್ಣ ಹಾರೆ ಸಮೇತ ಬಂದಿದ್ದರು, ಗುಂಡಿ ತೋಡಲು! ಸತ್ತವನು ಕೆನ್ನೆ ಸವರಿಕೊಳ್ಳುತ್ತಾ ನಿಂತಿರುವುದನ್ನು ಕಂಡು ನಕ್ಕ ನಗು ಬೆಟ್ಟದವರೆಗೆ ಕೇಳಿಸಿರಬೇಕು. ಲೋಟಗಳೆಲ್ಲ ಕಟ್ಟಿಟ್ಟಿದ್ದರಿಂದ ಕರಟದಲ್ಲಿ ಕಾಫಿ ಕೊಟ್ಟೆ. ನಾನು ನಾಚಿಕೆಯಿಂದ ಸತ್ತೇಹೋದೆ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ ಕೂಡ.

ಎಲ್ಲರೂ ಹೋದ ಮೇಲೂ ಭಾವ ಉಳಿದರು. ಗೋಡೆಯನ್ನು ಉಗುರಿನಿಂದ ಕೆರೆದು, "ಮರಳು ಜಾಸ್ತಿ ಆಗಿದೆ," ಅಂದರು. "ನೆಲಕ್ಕೆ ಎಂತ ಹಾಕ್ತಿ?"

"ಕಾವಿ. ಅಮ್ಮನ ಅಡುಗೆಮನೆಲಿ ಇದ್ದ ಹಾಗೆ."

ಭಾವ ಉಗುರಿನ ಸುಣ್ಣವನ್ನು ಲುಂಗಿಗೆ ಒರೆಸಿಕೊಂಡರು. "ಹಾಕು. ನೆಲ ಆದ ಮೇಲೆ ಬರ್ತೇನೆ. ಬರಿ ನೆಲದ ಮೇಲೆ ಎಲೆ ಹಾಕಿ ಕೂತು ಉಣ್ಣುವ." ಅಂಗಳ ಇಳಿಯುವಾಗ ತಿರುಗಿ ನೋಡಿ ನಕ್ಕರು. "ನನ್ನ ಹಿತ್ತಲಲ್ಲೂ ಬಿದಿರು ಉಂಟು. ಒಂದು ದಿನ ನಾನೂ ಎರಡು ಸಿಡಿಸ್ತೇನೆ. ನೀ ಹೀಗೆ ಓಡಿ ಬರ್ತಿಯಾ ನೋಡುವ."

ಅಲ್ಲಿಂದ ಮುಂದೆ ಇವರಿಗೆ ನೆಲದ್ದೇ ಹುಚ್ಚು. ಊಟ ಮಾಡುವಾಗ ನೆಲ, ಕನಸಿನಲ್ಲೂ ನೆಲ. ಹಳೆಯ ಮೇಸ್ತ್ರಿಯೊಬ್ಬರ ಹತ್ತಿರ ಹೋಗಿ ಕೇಳಿಕೊಂಡು ಬಂದರು. ಕಾವಿ ನೆಲದ ಗುಟ್ಟು ಒಂದೇ, ಶುರು ಮಾಡಿದರೆ ಮುಗಿಯುವ ತನಕ ಏಳಬಾರದು. ಹಸಿ ಇರುವಾಗಲೇ ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ತರಬೇಕು. ನಡುವೆ ಬಿಟ್ಟರೆ ಬಿಟ್ಟಲ್ಲಿ ಗೆರೆ ಉಳಿಯುತ್ತದೆ, ಜನ್ಮದಲ್ಲಿ ಹೋಗುವುದಿಲ್ಲ. ಒಳಗಿನ ಎರಡು ಕೋಣೆಯಲ್ಲಿ ನಾವು ಕಲಿತೆವು, ಎರಡರಲ್ಲೂ ಗೆರೆ ಉಳಿಯಿತು. ನಡುಮನೆಯನ್ನು ಕೊನೆಗೆ ಇಟ್ಟುಕೊಂಡೆವು. ಭಾವ ಕೂರುವುದು ಅಲ್ಲಿಯೇ ತಾನೇ.

ಮೇ ತಿಂಗಳ ಕೊನೆ. ತಡಿಯಂಡಮೋಳ್ ಬೆಟ್ಟದ ಕಡೆ ಮೋಡ ಕಟ್ಟುತ್ತಿತ್ತು. ಮಳೆ ಹಿಡಿದರೆ ನೆಲ ಒಣಗುವುದಿಲ್ಲ ಎಂದು ಅವತ್ತು ಬೆಳಗ್ಗೆಯೇ ಕಲಸಿದೆವು. ಗೋಡೆಯ ಆ ತುದಿಯಿಂದ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ, ಇವರು ತಿಕ್ಕುವುದು, ನಾನು ಕೆಂಪು ಕಲಸಿದ್ದನ್ನು ಬಿಡುವುದು. ಫೋನುಗಳನ್ನು ಧೂಳಿಗೆ ಹೆದರಿ ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಇದ್ದರೂ ಏನು, ಸಿಗ್ನಲ್ ಸಿಗುವುದು ಅಂಗಳದ ಮೂಲೆಯಲ್ಲಿ ಮಾತ್ರ. ಮಧ್ಯಾಹ್ನ ಎರಡು ಗಂಟೆಯಿರಬಹುದು, ಸರಿಯಾಗಿ ಅರ್ಧ ಕೋಣೆ ಆಗಿತ್ತು.

ಢಂ. ಢಂ.

ಗದ್ದೆಯ ಆಚೆಯಿಂದ.

ಇವರ ಕೈ ನಿಂತಿತು. ಕರಣೆ ಹಿಡಿದುಕೊಂಡೇ ಒಂದು ಮೊಣಕಾಲು ಎತ್ತಿದರು. ತಲೆ ಬಾಗಿಸಿ ಮೂರನೆಯದಕ್ಕೆ ಕಾದರು. ನಾನೂ ಕಾದೆ. ಬರಲಿಲ್ಲ.

"ಎರಡೇ," ಅಂದರು.

"ಅವತ್ತು ನಮ್ಮದೂ ಎರಡೇ ಅಲ್ವೇನ್ರೀ? ನಿಮ್ಮ ಅಣ್ಣ ಹೇಳೇ ಹೋಗಿದ್ರಲ್ಲ, ನೋಡ್ತೀನಿ ಅಂತ. ಮೈಗೆಲ್ಲ ಕೆಂಪು ಮೆತ್ಕೊಂಡು ನೀವು ಓಡಿ ಹೋಗೋದು, ಅವರು ಜಗಲೀಲಿ ಕೂತ್ಕೊಂಡು ನಗೋದು. ಬೇಕಾ?"

"ಅಲ್ಲ ವಿಮಲ... ಒಂದು ಸಲ ನೋಡಿ ಬರ್ತೇನೆ."

"ನೀವು ನೋಡಿ ಬರೋದ್ರೊಳಗೆ ನೆಲ ಗಟ್ಟಿಯಾಗಿ ಹೋಗುತ್ತೆ. ನಡುಮನೇಲೇ ಗೆರೆ. ಅದರ ಮೇಲೆ ಕೂರಿಸ್ತೀರಾ ಅಣ್ಣನ್ನ? ಮುಗಿಸಿ ಸಂಜೆ ಹೋಗಿ, ನಾನೂ ಬತ್ತೀನಿ. ಕೂತ್ಕಳಿ."

ಕೂತ್ಕಳಿ. ಹೌದು, ನಾನೇ ಅಂದೆ. ನಗುನಗುತ್ತಲೇ ಅಂದೆ. ಅವರು ಎತ್ತಿದ ಮೊಣಕಾಲನ್ನು ಮತ್ತೆ ಕೆಳಗೆ ಊರಿದರು.

ಆಮೇಲಿನ ಮೂರೂವರೆ ಗಂಟೆ ನಾವು ಎಷ್ಟು ಚೆನ್ನಾಗಿ ತಿಕ್ಕಿದೆವೆಂದರೆ, ಕೊನೆಗೆ ಹೊಸಿಲಿನ ಈಚೆ ನಿಂತು ನೋಡಿದಾಗ ಕಿಟಕಿಯ ಸರಳು ನೆಲದಲ್ಲಿ ಕಾಣುತ್ತಿತ್ತು. ನಾನು ಚಪ್ಪಾಳೆ ತಟ್ಟಿದೆ. ಸ್ನಾನಕ್ಕೆ ನೀರು ಕಾಯಿಸಿದೆ. ಇವರು ತಲೆ ಒರೆಸಿಕೊಳ್ಳುತ್ತಾ ಅಂಗಳಕ್ಕೆ ಬಂದರೆ, ಬೇಲಿಯ ದಣಪೆಯ ಹತ್ತಿರ ಮುತ್ತಣ್ಣ ನಿಂತಿದ್ದರು. ಒಳಗೆ ಬರಲಿಲ್ಲ. ಮುಖದಲ್ಲಿ ಗುರುತಿನ ನಗುವೂ ಇರಲಿಲ್ಲ.

"ನೀ ಬರುದಿಲ್ವಾ ಕುಶಾಲ? ಎಷ್ಟು ಫೋನ್ ಮಾಡುದು? ಅಣ್ಣನ್ನ ಸ್ನಾನ ಮಾಡ್ಸಿ ಆತು."

ನಾನು "ಯಾವ ಅಣ್ಣ?" ಎಂದು ಕೇಳಿದೆ. ನಿಜವಾಗಿ ಹಾಗೆಯೇ ಕೇಳಿದೆ. ಇವರು ಕೇಳಲಿಲ್ಲ. ಟವಲು ಹೆಗಲ ಮೇಲೆ ಇದ್ದಂತೆಯೇ ಗದ್ದೆಗೆ ಇಳಿದು ಓಡಿದರು. ಎರಡು ಸಲ ಬದುವಿನಿಂದ ಜಾರಿ ಬಿದ್ದು ಎದ್ದದ್ದು ಇಲ್ಲಿಂದ ಕಾಣಿಸಿತು. ನಾನು ಅಂಗಳದಲ್ಲೇ ನಿಂತಿದ್ದೆ. ನೆಲ ಬಿರಿದು ನುಂಗಬಾರದೇ ಅನಿಸಿತು, ಆದರೆ ನನ್ನ ನೆಲ ಬಿರಿಯುವಂಥದ್ದಾಗಿರಲಿಲ್ಲ.

ಭಾವ ಊಟ ಮಾಡಿ ಕೈ ತೊಳೆದು ಜಗಲಿಯಲ್ಲಿ ಕೂತವರು ಹಾಗೇ ಪಕ್ಕಕ್ಕೆ ವಾಲಿದ್ದರು. ಕೋವಿ ತೆಗೆದು ಹಾರಿಸಿದವಳು ಪವಿತ್ರ. ಸ್ನಾನ ಮಾಡಿಸಿ, ಎತ್ತಿ ನಡುಮನೆಗೆ ತರುವುದು ತಮ್ಮನ ಕೆಲಸ. ಗುಂಡು ಕೇಳಿದ ಮೇಲೆ ತಾನಾಗಿಯೇ ಬರಬೇಕು ಎಂದು ಹಿರಿಯರು ಒಂದು ಗಂಟೆ ಕಾದರಂತೆ, ಎರಡು ಗಂಟೆ ಕಾದರಂತೆ. ಊರೆಲ್ಲ ಬಂತು, ಕುಂಟುವವರೂ ಬಂದರು. ಕೊನೆಗೆ ಮುತ್ತಣ್ಣ ಕೈ ಹಾಕಿದರು.

ನಾನು ಹೋಗಿ ಸೇರುವಾಗ ಇವರು ಭಾವನ ಕಾಲ ಬಳಿ ಕೂತಿದ್ದರು. ಲೀಲಕ್ಕ ಗೋಡೆಯ ಕಡೆ ಮುಖ ಮಾಡಿದ್ದರು. ಪವಿತ್ರ ಮಾತ್ರ ಮಗುವಿನ ಹಾಗೆ ಕೇಳುತ್ತಿದ್ದಳು. "ಚಿಕ್ಕಪ್ಪ, ಗುಂಡು ಕೇಳ್ಲಿಲ್ವಾ? ನೀವು ಬರದೇ ಇದ್ದಾಗ ಇನ್ನೆರಡು ಹೊಡಿತೇನೆ ಅಂದೆ. ಅಮ್ಮ ಬೇಡ ಅಂದ್ರು. ಮತ್ತೆರಡು ಹೊಡೆದ್ರೆ ಇನ್ನೊಬ್ರು ಹೋದ್ರು ಅಂತ ಆಗ್ತದಲ್ಲ. ನಿಮಗೆ ಕೇಳ್ಲಿಲ್ವಾ?"

ಸುತ್ತಲಿದ್ದವರೆಲ್ಲ ಇವರ ಕಡೆ ತಿರುಗಿದರು. ಈಗ ಹೇಳುತ್ತಾರೆ, ವಿಮಲ ಬೇಡ ಅಂದಳು ಎನ್ನುತ್ತಾರೆ ಎಂದು ಕಾದೆ.

"ಕೇಳ್ಸಿಲ್ಲೆ," ಅಂದರು.

ಯಾರೂ ನಂಬಲಿಲ್ಲ. ಆ ಮನೆಯ ಗುಂಡು ನಮ್ಮ ಅಂಗಳಕ್ಕೆ ಕೇಳುತ್ತದೆಂದು ಎಲ್ಲರಿಗೂ ಗೊತ್ತು. ಬಿದಿರಿನ ದಿನ ನಕ್ಕದ್ದೆಲ್ಲ ತೋರಿಕೆಗೆ, ಒಳಗೆ ಹಳೆಯ ಸಿಟ್ಟು ಹಾಗೇ ಇತ್ತು, ಹೆಣಕ್ಕೂ ಬರಲಿಲ್ಲ ಎಂದು ಊರು ತೀರ್ಮಾನ ಮಾಡಿತು. ಇವರು ತಿದ್ದಲಿಲ್ಲ. ಮನೆಗೆ ಬಂದ ಮೇಲಾದರೂ ನನ್ನನ್ನು ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಒಂದು ಮಾತಿಲ್ಲ, ಈ ಮೂರು ವರ್ಷದಲ್ಲಿ ಒಂದೇ ಒಂದು ಮಾತಿಲ್ಲ. ಆದರೆ ಆ ನೆಲದ ನಡುವೆ ಅವರು ಇವತ್ತಿನವರೆಗೆ ಕಾಲಿಟ್ಟಿಲ್ಲ. ಒಳಗೆ ಹೋಗುವುದಾದರೂ ಹೊರಗೆ ಬರುವುದಾದರೂ ಗೋಡೆ ಬದಿ ಹಿಡಿದು ಸುತ್ತಿಕೊಂಡು ಹೋಗುತ್ತಾರೆ. ನೋಡಿ ನೋಡಿ ನನಗೆ ಹುಚ್ಚು ಹಿಡಿಯುತ್ತದೆ.

ಅಂಥ ನೆಲವನ್ನು ಲೀಲಕ್ಕ ಒಳ್ಳೆದಾಗಿದೆ ಅಂದರು. ನಾನು ಕಾಫಿ ತಟ್ಟೆಯನ್ನು ಕೆಳಗಿಟ್ಟೆ.

"ಲೀಲಕ್ಕ, ಇದನ್ನ ಹಾಕಿದ್ದು ಭಾವ ಹೋದ ದಿನ. ಗುಂಡು ಕೇಳಿಸ್ತು. ಇಬ್ಬರಿಗೂ ಕೇಳಿಸ್ತು. ಅವರು ಎದ್ರು, ನಾನೇ ಕೂರಿಸ್ದೆ. ಭಾವ ತಮಾಷೆ ಮಾಡ್ತಾವ್ರೆ, ಬಿದಿರು ಸುಡ್ತಾವ್ರೆ ಅಂದೆ. ನೆಲ ಹಾಳಾಗುತ್ತೆ ಅಂದೆ."

ಲೀಲಕ್ಕ ನನ್ನನ್ನೇ ನೋಡಿದರು. ರೆಪ್ಪೆ ಬಡಿಯಲಿಲ್ಲ.

"ನೀನಾ?"

"ನಾನೇ."

"ಸಿಟ್ಟಿಂದ ಅಲ್ವಾ? ಅಂವ ಸಿಟ್ಟಿಂದ ಬರದೇ ಇದ್ದದ್ದು ಅಲ್ವಾ?" ಕೈಯಲ್ಲಿದ್ದ ಮದುವೆ ಕಾಗದಗಳ ಚೀಲ ಜಾರಿ ಬಿತ್ತು, ಹೆಕ್ಕಲಿಲ್ಲ. "ತಿಥಿಗೆ ಬಂದವನಿಗೆ ಒಂದು ಲೋಟ ನೀರು ಕೊಡ್ಲಿಲ್ಲ ನಾನು. ವರ್ಷಾಂತಕ್ಕೆ ಬಂದು ಅಂಗಳದಲ್ಲೇ ನಿಂತು ಹೋದ. ಒಳಗೆ ಬಾ ಅನ್ಲಿಲ್ಲ ನಾನು."

ಅಷ್ಟರಲ್ಲಿ ನಮ್ಮವರು ತೋಟದಿಂದ ಬಂದರು. ಲೀಲಕ್ಕನನ್ನು ಕಂಡು ಬಾಗಿಲಲ್ಲೇ ತಡೆದು ನಿಂತರು. ಆಮೇಲೆ ಅಭ್ಯಾಸದಂತೆ ಗೋಡೆ ಬದಿ ಹಿಡಿದು ಸುತ್ತಿ ಬರತೊಡಗಿದರು. ಲೀಲಕ್ಕ ಆ ಕಾಲುಗಳನ್ನು ನೋಡಿದರು, ಖಾಲಿ ಬಿದ್ದ ನಡುವನ್ನು ನೋಡಿದರು. ಅವರಿಗೆ ಬಿಡಿಸಿ ಹೇಳುವುದು ಏನೂ ಉಳಿದಿರಲಿಲ್ಲ.

ಕುರ್ಚಿಯಿಂದ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಡುಮನೆಯ ಸರಿ ಮಧ್ಯದಲ್ಲಿ ಬರಿ ನೆಲದ ಮೇಲೆ ಕೂತರು.

"ಕುಶಾಲ, ಇಲ್ಲಿ ಬಾ. ನೆಲ ಆದ ಮೇಲೆ ಬಂದು ಉಣ್ತೇನೆ ಅಂದಿದ್ರಲ್ಲ ನಿನ್ನಣ್ಣ. ಅವರ ಬದಲು ನಾ ಬಂದಿದ್ದೇನೆ. ಕೂರು."

ನಮ್ಮವರು ನನ್ನ ಮುಖ ನೋಡಿದರು. ಮೂರು ವರ್ಷ ಹಲ್ಲು ಕಚ್ಚಿ ಮುಚ್ಚಿಟ್ಟದ್ದನ್ನು ನಾನು ಹೇಳಿಬಿಟ್ಟೆ ಎಂದು ಅವರಿಗೆ ಗೊತ್ತಾಯಿತು. ಗರ ಬಡಿದವರ ಹಾಗೆ ಬೆಪ್ಪಾಗಿ ನಿಂತರು. ಆಮೇಲೆ ಗೋಡೆ ಬಿಟ್ಟು ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಇಟ್ಟು ಬಂದು ಅತ್ತಿಗೆಯ ಎದುರು ಕೂತರು.

ನಾನು ಎಲೆ ಕೊಯ್ಯಲು ಹಿತ್ತಲ ಬಾಗಿಲಿಗೆ ಓಡಿದೆ. ಕಣ್ಣು ಮಂಜಾಗಿತ್ತು, ಆದರೂ ನಗು ಬರುತ್ತಿತ್ತು. ಹಿಂದಿನಿಂದ ಲೀಲಕ್ಕನ ದನಿ ಕೇಳಿತು. ನನ್ನ ಹೆಸರು ಹಿಡಿಯಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ.

"ಎರಡು ಎಲೆ ಸಾಕು."

ನಾನು ಎರಡೇ ಎಲೆ ತಂದು ಹಾಕಿದೆ.